ಪ್ರಗತಿಪರ ಕ್ರೈಸ್ತ ಬೋಧನೆಯನ್ನು ವಿಶ್ವಾಸ ಪ್ರಮಾಣದ ಪಕ್ಕದಲ್ಲಿಟ್ಟು ಓದುವ ಕ್ರಮ

ಕಾಸರಗೋಡಿನಿಂದ ಮಂಜೇಶ್ವರದವರೆಗಿನ ನಮ್ಮ ಕನ್ನಡ ಸಭೆಗಳಲ್ಲಿ ವಾರದ ನಡುವೆ ಒಂದು ಸಂಜೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಸತ್ಯವೇದವನ್ನು ಓದುವ ರೂಢಿಯಿದೆ. ಅಂಥ ಒಂದು ಕೂಟವನ್ನು ನಾನು ಹಲವು ವರ್ಷಗಳಿಂದ ನಡೆಸುತ್ತಿದ್ದೇನೆ. ಬೆಂಗಳೂರಿನಿಂದಲೋ ಗಲ್ಫಿನಿಂದಲೋ ರಜೆಯಲ್ಲಿ ಊರಿಗೆ ಬರುವ ಮಕ್ಕಳು ಅಲ್ಲಿ ಕೇಳುವ ಪ್ರಶ್ನೆಗಳು ಈಚೆಗೆ ಬೇರೆಯಾಗಿವೆ. "ಮಾಮಾ, ಯೇಸು ಸಮಾಧಿಯಿಂದ ಎದ್ದನೆಂದೇ ನಂಬಬೇಕೇ? ಶಿಷ್ಯರ ಹೃದಯದಲ್ಲಿ ಎದ್ದನೆಂದರೆ ಸಾಲದೇ?" ಎಂದು ಒಬ್ಬ ಹುಡುಗ ಒಮ್ಮೆ ಕೇಳಿದ. ಅದು ಅವನು ಮೊಬೈಲಿನಲ್ಲಿ ಕೇಳಿದ್ದ, 'ಪ್ರಗತಿಪರ ಕ್ರೈಸ್ತ' ಬೋಧನೆಯ ಒಂದು ಇಂಗ್ಲಿಷ್ ಉಪನ್ಯಾಸದ ಮಾತು. ನಾನು ಅದನ್ನು ದುರ್ಬೋಧನೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದೆ. ಅವನು ಮುಂದಿನ ವಾರ ಬರಲಿಲ್ಲ. ಆ ರಜೆ ಮುಗಿಯುವವರೆಗೂ ಬರಲಿಲ್ಲ. ಉತ್ತರ ಕೊಡುವುದಕ್ಕೆ ಮೊದಲು ಆ ಪ್ರಶ್ನೆಯ ಬೇರು ಎಲ್ಲಿದೆ, ಅದು ನಮ್ಮ ವಿಶ್ವಾಸದ ಯಾವ ಮಾತನ್ನು ಮುಟ್ಟುತ್ತದೆ ಎಂಬುದನ್ನು ನಾನೇ ಕಲಿಯಬೇಕಾಗಿತ್ತು. ಆಮೇಲೆ ಕಲಿತು ಕೂಟದಲ್ಲಿ ಬಳಸುತ್ತಿರುವ ಕ್ರಮವನ್ನು, ಇದೇ ಹೊಣೆಯನ್ನು ಹೊತ್ತಿರುವ ಇತರರಿಗೆ ಉಪಯೋಗವಾಗಲೆಂದು ಇಲ್ಲಿ ಬರೆದಿದ್ದೇನೆ. ನಾನು ಸಾಂಪ್ರದಾಯಿಕ ವಿಶ್ವಾಸವನ್ನು ಹಿಡಿದವನು ಎಂಬುದು ಓದುಗರಿಗೆ ಮೊದಲೇ ತಿಳಿದಿರಲಿ.

ಮೊದಲು ಅಳತೆಗೋಲನ್ನು ಗೊತ್ತುಮಾಡಿಕೊಳ್ಳಿ

'ಸಾಂಪ್ರದಾಯಿಕ' ಎಂದರೆ ನಮ್ಮ ಸಭೆಯಲ್ಲಿ ನಡೆದು ಬಂದದ್ದು ಎಂದು ತಿಳಿಯುವುದೇ ಹೆಚ್ಚಿನವರು ಮಾಡುವ ಮೊದಲ ತಪ್ಪು. ನಮ್ಮ ಜಿಲ್ಲೆಯನ್ನೇ ನೋಡಿ. ಬೇಳದ ಶೋಕಮಾತಾ ಇಗರ್ಜಿಗೆ ಹೋಗುವ ಕೊಂಕಣಿ ಕಥೊಲಿಕರು ಮಂಗಳೂರು ಧರ್ಮಪ್ರಾಂತ್ಯದವರು; 1943ರಲ್ಲಿ ರಾಜಪುರಂನ ಗುಡ್ಡಗಳಿಗೆ ಬಂದು ನೆಲೆಸಿದ ಕ್ನಾನಾಯ ಕ್ರೈಸ್ತರು ಸುರಿಯಾನಿ ಪರಂಪರೆಯವರು; ಬಾಸೆಲ್ ಮಿಷನ್ನಿನಿಂದ ಹುಟ್ಟಿ ಇಂದು ದಕ್ಷಿಣ ಭಾರತ ಸಭೆಗೆ ಸೇರಿರುವ ನಾವು ಪ್ರೊಟೆಸ್ಟೆಂಟರು. ಮರಿಯಮ್ಮನವರ ಸ್ಥಾನ, ಪೋಪರ ಅಧಿಕಾರ, ಸಂಸ್ಕಾರಗಳ ಸಂಖ್ಯೆ ಮುಂತಾದ ವಿಷಯಗಳಲ್ಲಿ ನಮ್ಮೊಳಗೆ ಭೇದಗಳಿವೆ. ಆದರೂ 325ರಲ್ಲಿ ನಿಸೇಯದಲ್ಲಿ ರೂಪುಗೊಂಡು 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಮಹಾಸಭೆಯಲ್ಲಿ ವಿಸ್ತಾರಗೊಂಡ ವಿಶ್ವಾಸ ಪ್ರಮಾಣವು, ಅಂದರೆ ಆರಾಧನೆಯಲ್ಲಿ ನುಡಿಯುವ ನಂಬಿಕೆಯ ಸಾರವು, ಈ ಮೂವರಿಗೂ ಸೇರಿದ್ದು. ಆದುದರಿಂದ ನಿಮ್ಮ ಪ್ರಾರ್ಥನಾ ಪುಸ್ತಕದಲ್ಲಿರುವ ವಿಶ್ವಾಸ ಪ್ರಮಾಣವನ್ನೇ ಅಳತೆಗೋಲಾಗಿ ತೆಗೆದುಕೊಳ್ಳಿ. ಸಭಾಪಾಲಕರ ವೈಯಕ್ತಿಕ ಅಭಿಪ್ರಾಯವಾಗಲಿ, ಟಿವಿಯ ಪ್ರಸಂಗಿಗಳ ಮಾತಾಗಲಿ, ನಮ್ಮ ಹಿರಿಯರ ನಡೆನುಡಿಯ ಕಟ್ಟಳೆಗಳಾಗಲಿ ಅಳತೆಗೋಲಾಗಬಾರದು.

ಒಂದು ಹಾಳೆಯ ಎಡಬದಿಯಲ್ಲಿ ಆ ಪ್ರಮಾಣವನ್ನು ತುಂಡು ತುಂಡಾಗಿ ಬರೆಯಿರಿ: ಸೃಷ್ಟಿಕರ್ತನಾದ ತಂದೆ, ಮನುಷ್ಯನಾದ ಏಕೈಕ ಪುತ್ರ, ಕನ್ನಿಕೆಯಲ್ಲಿ ಜನನ, ಪೊಂತ್ಯ ಪಿಲಾತನ ಕಾಲದಲ್ಲಿ ಶಿಲುಬೆ, ಮೂರನೆಯ ದಿನದ ಪುನರುತ್ಥಾನ, ನ್ಯಾಯತೀರ್ಪಿಗಾಗಿ ಬರುವಿಕೆ, ಪವಿತ್ರಾತ್ಮ, ಪಾಪಕ್ಷಮೆ, ಸತ್ತವರ ಪುನರುತ್ಥಾನ. ಬಲಬದಿಯನ್ನು ಖಾಲಿ ಬಿಡಿ. ಯಾವ ಪುಸ್ತಕವನ್ನು ಓದಿದರೂ, ಯಾವ ಉಪನ್ಯಾಸವನ್ನು ಕೇಳಿದರೂ ಅದು ಈ ತುಂಡುಗಳ ಬಗ್ಗೆ ಏನು ಹೇಳುತ್ತದೆಂದು ಬಲಬದಿಯಲ್ಲಿ ತುಂಬಿಸುತ್ತ ಹೋಗಿ. ಎಷ್ಟೋ ಜಾಗಗಳು ಖಾಲಿಯಾಗಿಯೇ ಉಳಿಯುತ್ತವೆ. ಬೋಧಕರು ಯಾವುದರ ಬಗ್ಗೆ ಮಾತನಾಡುವುದೇ ಇಲ್ಲ ಎಂಬುದೂ ತಿಳಿಯಬೇಕಾದ ಸಂಗತಿಯೇ.

ಹೆಸರಿನ ಬಗ್ಗೆ ಎಚ್ಚರ

ಕನ್ನಡದಲ್ಲಿ 'ಪ್ರಗತಿಪರ' ಎಂಬ ಮಾತು ಒಬ್ಬರ ಬಾಯಲ್ಲಿ ಹೊಗಳಿಕೆಯಾದರೆ ಇನ್ನೊಬ್ಬರ ಬಾಯಲ್ಲಿ ಬೈಗುಳವಾಗುತ್ತದೆ; ನಮ್ಮ ಸಾಹಿತ್ಯದ ಮತ್ತು ರಾಜಕೀಯದ ಜಗಳಗಳೆಲ್ಲ ಅದಕ್ಕೆ ಅಂಟಿಕೊಂಡಿವೆ. ಇಲ್ಲಿ ಅದನ್ನು ಒಂದು ನಿರ್ದಿಷ್ಟ ಧಾರೆಯ ಹೆಸರಾಗಿ ಮಾತ್ರ ಬಳಸಿ. ಅದರ ಹಿಂದೆ ಹತ್ತೊಂಬತ್ತನೆಯ ಶತಮಾನದ ಜರ್ಮನಿಯ ಉದಾರವಾದಿ ದೇವಶಾಸ್ತ್ರವಿದೆ. ಧರ್ಮದ ನೆಲೆಯು ಸಿದ್ಧಾಂತದಲ್ಲಿಲ್ಲ, ದೇವರ ಮೇಲೆ ಮನುಷ್ಯನಿಗಿರುವ ಅವಲಂಬನೆಯ ಅನುಭವದಲ್ಲಿದೆ ಎಂದು ಷ್ಲೈಯರ್‌ಮಾಕರ್ ಕಲಿಸಿದರು. ಅಮೆರಿಕದಲ್ಲಿ 1910ರಿಂದ ಮುಂದೆ ಮೂಲತತ್ತ್ವಗಳನ್ನು ಎತ್ತಿಹಿಡಿದವರಿಗೂ ಉದಾರವಾದಿಗಳಿಗೂ ದೊಡ್ಡ ವಾಗ್ವಾದ ನಡೆಯಿತು. 1985ರಲ್ಲಿ ರಾಬರ್ಟ್ ಫಂಕ್ ಅವರು ಯೇಸುವಿನ ಮಾತುಗಳಲ್ಲಿ ಐತಿಹಾಸಿಕವಾದವು ಎಷ್ಟು ಎಂದು ವಿದ್ವಾಂಸರ ಮತದಿಂದ ತೀರ್ಮಾನಿಸುವ ಬಳಗವೊಂದನ್ನು ಕಟ್ಟಿದರು. ಆ ಬಳಗದಲ್ಲಿದ್ದ ಮಾರ್ಕಸ್ ಬೋರ್ಗ್ ಮತ್ತು ಅಮೆರಿಕದ ಎಪಿಸ್ಕೋಪಲ್ ಸಭೆಯ ಬಿಷಪ್ ಜಾನ್ ಶೆಲ್ಬಿ ಸ್ಪಾಂಗ್ ಅವರ ಬರಹಗಳು ಈ ಧಾರೆಯನ್ನು ಸಾಮಾನ್ಯ ಓದುಗರಿಗೆ ಮುಟ್ಟಿಸಿದವು. 1990ರ ದಶಕದಲ್ಲಿ 'ಪ್ರಗತಿಪರ' ಎಂಬ ಹೆಸರಿನಲ್ಲೇ ಅಲ್ಲಿ ಒಂದು ಸಂಘಟನೆ ಹುಟ್ಟಿ, ಯೇಸುವಿನ ಮಾರ್ಗವು ದೇವರ ಬಳಿಗೆ ಹೋಗುವ ಮಾರ್ಗಗಳಲ್ಲಿ ಒಂದು, ಪ್ರಶ್ನಿಸುವುದರಲ್ಲಿ ಇರುವ ಕೃಪೆ ಸಿದ್ಧಾಂತದ ಖಚಿತತೆಯಲ್ಲಿ ಇಲ್ಲ ಎಂಬ ಅರ್ಥದ ಎಂಟು ಅಂಶಗಳನ್ನು ಪ್ರಕಟಿಸಿತು.

ಈ ಧಾರೆಯವರೆಲ್ಲ ಒಂದೇ ಮಾತನ್ನು ಆಡುವುದಿಲ್ಲ. 2019ರಲ್ಲಿ ತೀರಿಕೊಂಡ ಅಮೆರಿಕದ ಲೇಖಕಿ ರೇಚೆಲ್ ಹೆಲ್ಡ್ ಇವಾನ್ಸ್ ಅವರನ್ನು ಪ್ರಗತಿಪರರೆಂದೇ ಎಲ್ಲರೂ ಕರೆಯುತ್ತಾರೆ. ಆದರೆ ಅವರು ವಿಶ್ವಾಸ ಪ್ರಮಾಣವನ್ನು ತಮ್ಮದೆಂದು ಹೇಳುತ್ತಿದ್ದವರು. ಸ್ಪಾಂಗ್ ಅವರೋ 1998ರಲ್ಲಿ ಪ್ರಕಟಿಸಿದ ಹನ್ನೆರಡು ಪ್ರಮೇಯಗಳಲ್ಲಿ, ಲೋಕದ ಹೊರಗಿದ್ದು ಲೋಕದಲ್ಲಿ ಕೈಯಾಡಿಸುವ ದೇವರೆಂಬ ಕಲ್ಪನೆಯೇ ಸತ್ತಿದೆ ಎಂದರು. ಇವರಿಬ್ಬರನ್ನೂ ಒಂದೇ ಬುಟ್ಟಿಗೆ ಹಾಕಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆ. ಹಾಗಾಗಿ ವ್ಯಕ್ತಿಯ ಮೇಲೆ ಹೆಸರು ಅಂಟಿಸುವುದನ್ನು ಬಿಟ್ಟು, ಎದುರಿಗಿರುವ ವಾಕ್ಯವನ್ನು ಹಾಳೆಯ ಎಡಬದಿಯೊಂದಿಗೆ ಹೋಲಿಸಿ.

ಒಂದೇ ಪದ, ಬೇರೆ ಹೊರೆ

ಎರಡೂ ಕಡೆಯವರು ಬಳಸುವ ಪದಗಳು ಒಂದೇ ಆಗಿರುವುದರಿಂದ ಪದಗಳನ್ನು ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ರಕ್ಷಣೆ, ಪಾಪ, ಪುನರುತ್ಥಾನ, ದೇವರ ರಾಜ್ಯ ಎಂಬ ಮಾತುಗಳು ಪ್ರಗತಿಪರ ಪ್ರಸಂಗದಲ್ಲೂ ತುಂಬಿರುತ್ತವೆ. ಆ ಪದದ ಮೇಲೆ ಯಾವ ಹೊರೆ ಇದೆಯೆಂದು ನೋಡಬೇಕು. ಇದಕ್ಕೆ ನಾನು ಬಳಸುವ ಉಪಾಯ ಸರಳವಾದದ್ದು: ಆ ಪದವನ್ನು ತೆಗೆದು, ಅದನ್ನೇ ಕ್ರಿಯಾಪದವಿರುವ ಪೂರ್ತಿ ವಾಕ್ಯವಾಗಿ ಕನ್ನಡದಲ್ಲಿ ಹೇಳಲು ಕೇಳುತ್ತೇನೆ. 'ರಕ್ಷಣೆ' ಎನ್ನುವ ಬದಲು ಯಾರು, ಯಾರನ್ನು, ಯಾವುದರಿಂದ, ಏನು ಮಾಡಿ ರಕ್ಷಿಸಿದರು ಎಂದು ಹೇಳಬೇಕು. 'ದೇವರು ನಮ್ಮನ್ನು ಪಾಪದಿಂದಲೂ ಮರಣದಿಂದಲೂ ಕ್ರಿಸ್ತನ ಮೂಲಕ ಬಿಡಿಸಿದನು' ಎಂಬುದು ಒಂದು ವಾಕ್ಯ. 'ಭಯದಿಂದಲೂ ಸ್ವಾರ್ಥದಿಂದಲೂ ನಾವು ಬಿಡುಗಡೆಯಾಗಿ ಪೂರ್ಣ ಮನುಷ್ಯರಾಗುವ ದಾರಿಯನ್ನು ಯೇಸು ತೋರಿಸಿದನು' ಎಂಬುದು ಇನ್ನೊಂದು. ಎರಡೂ ಸುಂದರವಾದ ವಾಕ್ಯಗಳು, ಆದರೆ ಮೊದಲನೆಯದರಲ್ಲಿ ಕೆಲಸ ಮಾಡಿದವನು ದೇವರು. ಎರಡನೆಯದರಲ್ಲಿ ಯೇಸು ದಾರಿ ತೋರಿಸಿದ ಮೇಲೆ ಕೆಲಸ ನಮ್ಮದು.

'ಅವತಾರ' ಎಂಬ ಪದದ ಬಗ್ಗೆ ನಮ್ಮ ನಾಡಿನವರು ಹೆಚ್ಚು ಗಮನ ಕೊಡಬೇಕು. ನರಾವತಾರ ಎಂದು ನಾವೂ ಹೇಳುತ್ತೇವೆ. ನಮ್ಮ ಸುತ್ತಲಿನ ವೈಷ್ಣವ ಪರಂಪರೆಯಲ್ಲಿ ಅವತಾರಗಳು ಹಲವು; ವಿಶ್ವಾಸ ಪ್ರಮಾಣ ಹೇಳುವುದು ಒಂದೇ ಸಲ, ಪಿಲಾತನೆಂಬ ರೋಮನ್ ಅಧಿಕಾರಿಯ ಹೆಸರಿನಿಂದ ಕಾಲವನ್ನು ಗುರುತು ಮಾಡಿ, ನಡೆದ ಸಂಗತಿಯನ್ನು. ಪ್ರಗತಿಪರ ಬರಹದಲ್ಲಿ ಹೆಚ್ಚಾಗಿ ಕಾಣುವುದು ಮೂರನೆಯ ಅರ್ಥ: ದೇವರ ಆತ್ಮ ತುಂಬಿದ ಮನುಷ್ಯನ ಬಾಳು ಹೇಗಿರುತ್ತದೆಂಬುದಕ್ಕೆ ಯೇಸು ನಿರ್ಣಾಯಕ ನಿದರ್ಶನ. ಈ ಮೂರನ್ನೂ ಕೂಟದಲ್ಲಿ ಬಿಡಿಸಿ ಹೇಳದಿದ್ದರೆ, ಎಲ್ಲರೂ ತಲೆಯಾಡಿಸಿ ಮೂರು ಬೇರೆ ಬೇರೆ ನಂಬಿಕೆಗಳನ್ನು ಹೊತ್ತುಕೊಂಡು ಮನೆಗೆ ಹೋಗುತ್ತಾರೆ.

ಸತ್ಯವೇದದ ಬಗ್ಗೆ

ಇಲ್ಲಿ ಅಕ್ಷರಾರ್ಥ ಮತ್ತು ಸಂಕೇತಾರ್ಥ ಎಂದು ಎರಡು ಪಾಲು ಮಾಡಬೇಡಿ. ಸಂಕೇತಾರ್ಥದಲ್ಲಿ ಓದುವುದು ಮೂರನೆಯ ಶತಮಾನದ ದೇವಶಾಸ್ತ್ರಜ್ಞ ಓರಿಗನ್‌ನ ಕಾಲದಿಂದಲೂ ಸಭೆಯೊಳಗೆ ಇದೆ. 1978ರಲ್ಲಿ ಇವಾಂಜೆಲಿಕಲ್ ಮುಖಂಡರು ಹೊರಡಿಸಿದ ಷಿಕಾಗೋ ಹೇಳಿಕೆಯಂತೆ ಗ್ರಂಥದಲ್ಲಿ ಯಾವ ದೋಷವೂ ಇಲ್ಲ ಎನ್ನುವವರು ಸಾಂಪ್ರದಾಯಿಕರಲ್ಲಿ ಒಂದು ಗುಂಪು ಮಾತ್ರ. 1965ರಲ್ಲಿ ಕಥೊಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ, ನಮ್ಮ ರಕ್ಷಣೆಗಾಗಿ ದೇವರು ಬರೆಸಬಯಸಿದ ಸತ್ಯವನ್ನು ಗ್ರಂಥವು ತಪ್ಪಿಲ್ಲದೆ ಕಲಿಸುತ್ತದೆ ಎಂದು ಬೇರೆ ರೀತಿಯಲ್ಲಿ ಹೇಳಿತು. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಗ್ರಂಥಕ್ಕೂ ನನ್ನ ಮನಸ್ಸಾಕ್ಷಿಗೂ ಭಿನ್ನಾಭಿಪ್ರಾಯ ಬಂದಾಗ ಯಾವುದು ಯಾವುದನ್ನು ತಿದ್ದುತ್ತದೆ?

ಇದನ್ನು ಪರೀಕ್ಷಿಸಲು 1 ಸಮುವೇಲ 15ನೆಯ ಅಧ್ಯಾಯವನ್ನು ತೆಗೆದುಕೊಳ್ಳಿ. ಅಮಾಲೇಕ್ಯರಲ್ಲಿ ಹೆಂಗಸರನ್ನೂ ಮೊಲೆಗೂಸುಗಳನ್ನೂ ಬಿಡದೆ ಕೊಲ್ಲಬೇಕೆಂಬ ಆಜ್ಞೆ ಅಲ್ಲಿದೆ. ದೇವರು ಹೀಗೆ ಹೇಳಲಿಲ್ಲ, ಹೇಳಿದನೆಂದು ಇಸ್ರಾಯೇಲ್ಯರು ತಿಳಿದರು, ಏಕೆಂದರೆ ಸತ್ಯವೇದವು ದೇವರ ಬಗ್ಗೆ ಮನುಷ್ಯರು ಪಟ್ಟ ಅನುಭವದ ದಾಖಲೆ ಎಂದು ಪ್ರಗತಿಪರರು ಉತ್ತರಿಸುತ್ತಾರೆ. ಸಾಂಪ್ರದಾಯಿಕರು ಆ ವಾಕ್ಯವನ್ನು ದೇವರ ವಾಕ್ಯದಿಂದ ಹೊರಗಿಡಲಾರರು. ನ್ಯಾಯತೀರ್ಪೆಂದೋ, ಆ ಕಾಲದ ಯುದ್ಧದ ಭಾಷೆಯೆಂದೋ, ಕ್ರಿಸ್ತನ ಬೆಳಕಿನಲ್ಲಿ ಮಾತ್ರ ಅರ್ಥವಾಗುವ ಅಪೂರ್ಣ ಪ್ರಕಟಣೆಯೆಂದೋ ಅದರೊಂದಿಗೆ ಹೆಣಗಾಡುತ್ತಾರೆ. ಈ ಅಧ್ಯಾಯ ನನ್ನನ್ನೂ ನಿದ್ದೆಗೆಡಿಸಿದೆ. ಅದನ್ನು ಓದಿ ನೊಂದುಕೊಂಡ ಯುವಕನಿಗೆ ವಿಶ್ವಾಸ ಕಡಿಮೆಯಾಗಿದೆಯೆಂದು ಹೇಳಬೇಡಿ. ನೋಯದವನ ಬಗ್ಗೆಯೇ ಚಿಂತಿಸಬೇಕು.

ಶಿಲುಬೆ: ನಡೆದದ್ದೇ, ತೋರಿಸಿದ್ದೇ?

ನನ್ನ ಅನುಭವದಲ್ಲಿ ಹೆಚ್ಚು ಹೊತ್ತು ಬೇಕಾಗುವುದು ಇಲ್ಲಿ. ದೇವರ ಕೋಪವನ್ನು ಶಮನಗೊಳಿಸಲು ಮಗನು ರಕ್ತ ಸುರಿಸಬೇಕಾಯಿತು ಎಂಬ ಮಾತು ಕ್ರೂರವಾಗಿದೆಯೆಂಬುದು ಪ್ರಗತಿಪರರ ದೊಡ್ಡ ಆಕ್ಷೇಪ. ಸ್ಪಾಂಗ್ ಅದನ್ನು ಅನಾಗರಿಕವೆಂದೇ ಕರೆದರು. ಅದಕ್ಕೆ ಉತ್ತರಿಸುವ ಮೊದಲು, ವಿಶ್ವಾಸ ಪ್ರಮಾಣ ಅಷ್ಟನ್ನು ಹೇಳುವುದಿಲ್ಲ ಎಂಬುದನ್ನು ಹಾಳೆಯಲ್ಲಿ ನೋಡಿ. 'ನಮಗೋಸ್ಕರವೂ ನಮ್ಮ ರಕ್ಷಣೆಗೋಸ್ಕರವೂ' ಎಂದಷ್ಟೇ ಅದು ಹೇಳುತ್ತದೆ, ಹೇಗೆಂದು ವಿವರಿಸುವುದಿಲ್ಲ. ಹೇಗೆ ಎಂಬುದಕ್ಕೆ ಸಭೆಯೊಳಗೇ ಹಲವು ಉತ್ತರಗಳಿವೆ. ಮೊದಲ ಶತಮಾನಗಳ ಪಿತೃಗಳು ಕ್ರಿಸ್ತನು ಮರಣವನ್ನೂ ಸೈತಾನನನ್ನೂ ಜಯಿಸಿದನೆಂದರು. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಆನ್ಸೆಲ್ಮ್, ಮನುಷ್ಯನು ದೇವರ ಮಾನಕ್ಕೆ ತಂದ ಕುಂದನ್ನು ದೇವ-ಮನುಷ್ಯನಾದವನೇ ತೀರಿಸಬಲ್ಲನೆಂದು ವಾದಿಸಿದನು. ಅವನ ನಂತರದ ಅಬೆಲಾರ್ಡ್, ಶಿಲುಬೆಯಲ್ಲಿ ಕಂಡ ಪ್ರೀತಿಯು ನಮ್ಮಲ್ಲಿ ಪ್ರೀತಿಯನ್ನು ಹುಟ್ಟಿಸುತ್ತದೆಂಬುದನ್ನು ಒತ್ತಿ ಹೇಳಿದನು. ನಮ್ಮ ಶಿಕ್ಷೆಯನ್ನು ಕ್ರಿಸ್ತನು ಹೊತ್ತನೆಂಬ ವಿವರಣೆ ತನ್ನ ಪೂರ್ಣರೂಪವನ್ನು ಪಡೆದದ್ದು ಹದಿನಾರನೆಯ ಶತಮಾನದ ಸುಧಾರಕರಲ್ಲಿ. ಆದುದರಿಂದ ಕೊನೆಯ ವಿವರಣೆಯನ್ನು ಪ್ರಶ್ನಿಸಿದ ಮಾತ್ರಕ್ಕೆ ಒಬ್ಬನು ಸಂಪ್ರದಾಯವನ್ನು ಬಿಟ್ಟನೆಂದಾಗುವುದಿಲ್ಲ.

ನಿಜವಾದ ಗಡಿಯನ್ನು ಈ ಪ್ರಶ್ನೆ ತೋರಿಸುತ್ತದೆ: ಯಾರೂ ನೋಡದಿದ್ದರೂ, ಯಾರ ಮನಸ್ಸೂ ಕರಗದಿದ್ದರೂ, ಶಿಲುಬೆಯಿಂದ ಏನಾದರೂ ಬದಲಾಯಿತೇ? ಸಾಂಪ್ರದಾಯಿಕ ವಿವರಣೆಗಳು ಹೌದೆನ್ನುತ್ತವೆ. ದೇವರಿಗೂ ಮನುಷ್ಯರಿಗೂ ನಡುವಿದ್ದ ಸ್ಥಿತಿಯೇ ಅಂದು ಬದಲಾಯಿತು. ಪ್ರಗತಿಪರ ವಿವರಣೆಯಲ್ಲಿ ಶಿಲುಬೆಯು ರೋಮನ್ ಸಾಮ್ರಾಜ್ಯ ಒಬ್ಬ ನೀತಿವಂತನಿಗೆ ಮಾಡಿದ್ದನ್ನೂ, ಅವನು ಹಗೆಯಿಲ್ಲದೆ ಅದನ್ನು ಸಹಿಸಿದ್ದನ್ನೂ ತೋರಿಸುತ್ತದೆ, ಬದಲಾಗಬೇಕಾದದ್ದು ನೋಡುವವನು.

ಈ ಭೇದ ನನಗೆ ಸ್ಪಷ್ಟವಾದದ್ದು ನಮ್ಮವರೇ ಆದ ಮಂಜೇಶ್ವರದ ಗೋವಿಂದ ಪೈಗಳಿಂದ. ಅವರು ಕ್ರೈಸ್ತರಲ್ಲ, ಆದರೂ ಯೇಸುವಿನ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ' ಎಂಬ ಖಂಡಕಾವ್ಯವನ್ನು ಬರೆದರು, ಹಾಗೆಯೇ ಬುದ್ಧನ ಕೊನೆಯ ದಿನವನ್ನು ಕುರಿತೂ ಬರೆದರು. ನಮ್ಮ ಎಷ್ಟೋ ಪ್ರಸಂಗಗಳಿಗಿಂತ ಹೆಚ್ಚಿನ ಭಕ್ತಿ ಆ ಕಾವ್ಯದಲ್ಲಿದೆ. ಶಿಲುಬೆಯ ಮುಂದೆ ನಿಂತು ಕರಗುವುದಕ್ಕೆ ವಿಶ್ವಾಸ ಪ್ರಮಾಣ ಬೇಕಾಗಿಲ್ಲ ಎಂಬುದನ್ನು ಆ ಕಾವ್ಯವೇ ತೋರಿಸುತ್ತದೆ. ಆ ಕರಗುವಿಕೆಯಲ್ಲೇ ರಕ್ಷಣೆಯೆಲ್ಲ ಇದೆಯೇ, ಅಥವಾ ಅದರ ಆಚೆಗೂ ನನಗಾಗಿ ಏನೋ ನಡೆದಿದೆಯೇ ಎಂದು ಕೂಟದಲ್ಲಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿರಿ.

ಪುನರುತ್ಥಾನ

ಆ ಹುಡುಗ ಕೇಳಿದ ಪ್ರಶ್ನೆಗೆ ಈಗ ಬರೋಣ. ಕ್ರಿ.ಶ. 50ರ ದಶಕದಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯವನ್ನು ಎಲ್ಲರೂ ಗಟ್ಟಿಯಾಗಿ ಓದಿ. ಸುವಾರ್ತೆಗಳಿಗಿಂತ ಮೊದಲೇ ಬರೆದ ಸಾಕ್ಷ್ಯ ಇದು. ಪ್ರಗತಿಪರರ ವಾದವನ್ನು ಅದರ ಬಲವಾದ ರೂಪದಲ್ಲಿ ಮುಂದಿಡಿ: ಪೌಲನು ಇಲ್ಲಿ ಖಾಲಿ ಸಮಾಧಿಯ ಹೆಸರೆತ್ತುವುದಿಲ್ಲ, ಕೇಫನಿಗೆ (ಪೇತ್ರನಿಗೆ) ಕಾಣಿಸಿಕೊಂಡದ್ದಕ್ಕೂ ತನಗೆ ಕಾಣಿಸಿಕೊಂಡದ್ದಕ್ಕೂ ಒಂದೇ ಕ್ರಿಯಾಪದವನ್ನು ಬಳಸುತ್ತಾನೆ, 44ನೆಯ ವಚನದಲ್ಲಿ ಆತ್ಮಿಕ ದೇಹದ ಮಾತನ್ನಾಡುತ್ತಾನೆ. ಹಾಗಾಗಿ ಯೇಸು ಶಿಷ್ಯರ ಅನುಭವದಲ್ಲಿ ಜೀವಂತನಾಗಿ ಮುಂದುವರಿದನೆಂಬುದೇ ಪುನರುತ್ಥಾನದ ಅರ್ಥ, ಶವಕ್ಕೆ ಏನಾಯಿತೆಂಬುದು ಮುಖ್ಯವಲ್ಲ ಎಂಬುದು ಬೋರ್ಗ್ ಅವರ ವಾದದ ಸಾರ.

ಅದರ ನಂತರ ಸಾಂಪ್ರದಾಯಿಕ ಉತ್ತರ. ಸತ್ತನು, ಹೂಣಲ್ಪಟ್ಟನು, ಎಬ್ಬಿಸಲ್ಪಟ್ಟನು ಎಂಬ ಕ್ರಮದಲ್ಲಿ, ಹೂಣಲ್ಪಟ್ಟದ್ದೇ ಎಬ್ಬಿಸಲ್ಪಟ್ಟಿತೆಂಬ ಅರ್ಥ ಅಡಗಿದೆ. 'ಆತ್ಮಿಕ ದೇಹ' ಎಂಬಲ್ಲಿಯೂ ದೇಹ ಎಂಬ ಪದವನ್ನು ಪೌಲನು ಬಿಟ್ಟುಕೊಟ್ಟಿಲ್ಲ. ಸತ್ತವನ ಆತ್ಮ ಬಂದು ಕಾಣಿಸಿಕೊಂಡಿತೆಂದು ಹೇಳಲು ಆ ಕಾಲದವರಿಗೆ ಬೇರೆ ಮಾತುಗಳಿದ್ದವು. ನಮ್ಮ ತುಳುನಾಡಿನಲ್ಲಿಯೂ ಕಾಲ ಸೇರಿದವರು ಮನೆಗೆ ಬರುತ್ತಾರೆಂಬ ನಂಬಿಕೆ ಇದೆ, ಅದನ್ನು ಯಾರೂ ಪುನರುತ್ಥಾನವೆನ್ನುವುದಿಲ್ಲ. 14ನೆಯ ವಚನದಲ್ಲಿ ಕ್ರಿಸ್ತನು ಎದ್ದುಬಂದಿಲ್ಲವಾದರೆ ತನ್ನ ಪ್ರಸಂಗವೂ ನಿಮ್ಮ ನಂಬಿಕೆಯೂ ವ್ಯರ್ಥವೆಂದು ಪೌಲನು ಹೇಳುವುದು, ಬರೇ ಅನುಭವದ ಮಾತಾಗಿದ್ದರೆ ಅರ್ಥವಾಗದು. ಬೋರ್ಗ್ ಮತ್ತು ಸಾಂಪ್ರದಾಯಿಕ ಪಕ್ಷದ ಎನ್. ಟಿ. ರೈಟ್ ಈ ವಿಷಯದಲ್ಲಿ ವಿರುದ್ಧ ದಿಕ್ಕಿನಲ್ಲಿದ್ದೂ ಸ್ನೇಹಿತರಾಗಿದ್ದರು, 1999ರಲ್ಲಿ ಒಂದೇ ಪುಸ್ತಕದಲ್ಲಿ ಅಧ್ಯಾಯಕ್ಕೆ ಅಧ್ಯಾಯ ಎದುರಿಟ್ಟು ಬರೆದರು. ನಮ್ಮ ಕೂಟಗಳಿಗೆ ಆ ಮಾದರಿ ಬೇಕು.

ನೆರೆಯವರ ವಿಷಯ

ತಳಂಗರೆಯ ಮಾಲಿಕ್ ದೀನಾರ್ ಮಸೀದಿ, ಮಧೂರಿನ ದೇವಸ್ಥಾನ, ಊರೂರಿನ ಭೂತಸ್ಥಾನಗಳ ನಡುವೆ ಬದುಕುವ ನಮಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಪಕ್ಕದ ಮನೆಯ ಒಳ್ಳೆಯ ಮನುಷ್ಯನಿಗೆ ಗತಿಯೇನು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ನರಕವೆಂಬುದು ಸಾಂಪ್ರದಾಯಿಕರ ಒಂದೇ ಉತ್ತರವೆಂದು ಹೇಳಿಬಿಡಬೇಡಿ. ತನ್ನ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದೆ, ದೇವರನ್ನು ಪ್ರಾಮಾಣಿಕವಾಗಿ ಹುಡುಕುವವನು ರಕ್ಷಣೆಯನ್ನು ಹೊಂದಬಹುದೆಂದು 1964ರಲ್ಲಿ ವ್ಯಾಟಿಕನ್ ಮಹಾಸಭೆಯೇ ಹೇಳಿದೆ. ಗಮನಿಸಬೇಕಾದದ್ದು, ಆ ರಕ್ಷಣೆಯನ್ನು ಕೊಡುವವನು ಕ್ರಿಸ್ತನೇ ಎಂಬುದನ್ನು ಅದು ಬಿಟ್ಟುಕೊಡಲಿಲ್ಲ. ಪ್ರಗತಿಪರರು ಬಿಟ್ಟುಕೊಡುವುದು ಅದನ್ನೇ: ನಮಗೆ ಯೇಸು, ಅವರಿಗೆ ಅವರದೇ ದಾರಿ. ಕಾರ್ಕಳದಲ್ಲಿ ಹುಟ್ಟಿ, ಮಂಗಳೂರಿನ ಬಾಸೆಲ್ ಸೆಮಿನರಿಯಲ್ಲಿ ಕಲಿಸಿ, ಜಾಗತಿಕ ಸಭೆಗಳ ಒಕ್ಕೂಟದಲ್ಲಿ ಸರ್ವಧರ್ಮ ಸಂವಾದದ ವಿಭಾಗವನ್ನು ಕಟ್ಟಿದ ಸ್ಟ್ಯಾನ್ಲಿ ಸಮರ್ಥ ಅವರು ಈ ಪ್ರಶ್ನೆಯನ್ನು ನಮ್ಮ ಕರಾವಳಿಯ ನೆರೆಹೊರೆಯಿಂದಲೇ ಎತ್ತಿಕೊಂಡವರು. ಕ್ರಿಸ್ತನ ಅನನ್ಯತೆಯ ಬಗ್ಗೆ ಅವರ ತೀರ್ಮಾನಗಳನ್ನು ನಾನು ಒಪ್ಪುವುದಿಲ್ಲ. ಆದರೆ ಈ ಪ್ರಶ್ನೆಗಳೆಲ್ಲ ಅಮೆರಿಕದಿಂದ ಬಂದವು ಎನ್ನುವವರಿಗೆ ಅವರ ಹೆಸರನ್ನು ತಪ್ಪದೆ ಹೇಳುತ್ತೇನೆ.

ಗಡಿಯೆಂದು ತಿಳಿಯಬಾರದ ಸಂಗತಿಗಳು

ಬಡವರ ಪರವಾದ ದನಿ, ಜಾತಿಯ ವಿರುದ್ಧದ ಮಾತು, ಹೆಣ್ಣುಮಕ್ಕಳಿಗೆ ಸ್ಥಾನ ಇವುಗಳನ್ನು ಕಂಡ ಕೂಡಲೇ ಪ್ರಗತಿಪರವೆಂದು ಹಾಳೆಯಲ್ಲಿ ಬರೆಯುವವರಿದ್ದಾರೆ. ಇದು ನಮ್ಮ ಚರಿತ್ರೆಯನ್ನೇ ಅರಿಯದ ಮಾತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನರಿಗಳು ಸಿದ್ಧಾಂತದಲ್ಲಿ ಕಟ್ಟಾ ಸಂಪ್ರದಾಯದ ಭಕ್ತಿಪಂಥೀಯರು. ಶಾಲೆಗಳನ್ನು ತೆರೆದವರೂ, ನೇಯ್ಗೆಯನ್ನು ಕಲಿಸಿದವರೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಕಟ್ಟಿ ಕೆಲಸ ಕೊಟ್ಟವರೂ ಅವರೇ. ನಮ್ಮ ಹಳೆಯ ಮನೆಗಳ ಮಾಡಿನ ಮೇಲೆ ಆ ಹಂಚು ಇನ್ನೂ ಇದೆ. ದಕ್ಷಿಣ ಭಾರತ ಸಭೆ 1976ರಲ್ಲಿಯೇ ಸ್ತ್ರೀಯರಿಗೆ ಗುರುದೀಕ್ಷೆ ಕೊಟ್ಟಿತು, 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಸ್ತ್ರೀ ಬಿಷಪರನ್ನು ನೇಮಿಸಿತು. ಅದೇ ಸಭೆ ನಿಸೇಯ ಪ್ರಮಾಣವನ್ನು ಇಂದೂ ನುಡಿಯುತ್ತದೆ. ಸಲಿಂಗ ವಿವಾಹದ ಪ್ರಶ್ನೆಯಲ್ಲಿ ಎರಡು ಕಡೆಯವರ ಅಂತರ ದೊಡ್ಡದೇ, ಆದರೆ ಅದರಿಂದ ಚರ್ಚೆಯನ್ನು ಆರಂಭಿಸಬೇಡಿ. ಗ್ರಂಥದ ಅಧಿಕಾರದ ಪ್ರಶ್ನೆ ಬಗೆಹರಿಯದೆ ಅಲ್ಲಿ ಮಾತು ಮುಂದೆ ಸಾಗುವುದಿಲ್ಲ, ಜಗಳ ಮಾತ್ರ ಆಗುತ್ತದೆ. ಯುಗಾಂತ್ಯದ ಲೆಕ್ಕಾಚಾರಗಳನ್ನೂ ಬದಿಗಿಡಿ; ಕ್ರಿಸ್ತನು ಬರುವನೆಂಬುದಷ್ಟೇ ಪ್ರಮಾಣದಲ್ಲಿದೆ.

ಕೂಟವನ್ನು ನಡೆಸುವ ಬಗೆ

ಒಂದು ಸಂಜೆಗೆ ಹಾಳೆಯ ಒಂದೇ ತುಂಡನ್ನು ತೆಗೆದುಕೊಳ್ಳಿ. ಶಿಲುಬೆಗೂ ಪುನರುತ್ಥಾನಕ್ಕೂ ಎರಡೆರಡು ಸಂಜೆ ಇರಲಿ. ಪ್ರಗತಿಪರ ಬೋಧನೆಯನ್ನು ವಿವರಿಸುವಾಗ ಅದನ್ನು ನಂಬುವವನೇ ಕೇಳಿ 'ಹೌದು, ನಾವು ಹೇಳುವುದು ಇದನ್ನೇ' ಎನ್ನುವಂತಿರಬೇಕು. ಅಲ್ಲಿಯವರೆಗೆ ಟೀಕೆಗೆ ಕೈಹಾಕಬೇಡಿ. ಆಡಿದ್ದನ್ನು ಕನ್ನಡದಲ್ಲೇ ಬರೆದುಕೊಳ್ಳಿ, ಏಕೆಂದರೆ ಇಂಗ್ಲಿಷಿನಲ್ಲಿ ಕೇಳಿದ್ದು, ಮಲಯಾಳದಲ್ಲಿ ಚರ್ಚಿಸಿದ್ದು, ತುಳುವಿನಲ್ಲಿ ಮನೆಗೆ ಹೇಳಿದ್ದು ಒಂದಕ್ಕೊಂದು ಸೇರದೆ ಉಳಿದುಬಿಡುತ್ತದೆ. ಉತ್ತರ ಸಿಗದ ಪ್ರಶ್ನೆಯನ್ನು ಹಾಳೆಯ ಕೆಳಗೆ ದಿನಾಂಕದೊಂದಿಗೆ ಬರೆದಿಟ್ಟು ಸಭಾಪಾಲಕರಿಗೆ ಒಪ್ಪಿಸಿ, ಮುಂದಿನ ವಾರ ಅದರಿಂದಲೇ ಆರಂಭಿಸಿ. ಎಲ್ಲ ತುಂಡುಗಳೂ ಮುಗಿದ ಮೇಲಿನ ಸಂಜೆ, ಪ್ರಶ್ನೆ ತಂದ ಯುವಕನೇ ಸಾಂಪ್ರದಾಯಿಕ ವಿಶ್ವಾಸವನ್ನು ವಿವರಿಸಲಿ, ಸಭೆಯ ಹಿರಿಯರೊಬ್ಬರು ಪ್ರಗತಿಪರ ವಾದವನ್ನು ವಿವರಿಸಲಿ. ಯಾರ ವಿವರಣೆಯಲ್ಲಿ ಏನು ಬಿಟ್ಟುಹೋಯಿತೆಂದು ಎದುರು ಪಕ್ಷದವರು ಹೇಳಲಿ, ಹೇಳಿದ್ದನ್ನು ಅದೇ ಹಾಳೆಯಲ್ಲಿ ತಿದ್ದಿ ಬರೆಯಿರಿ.